ಕಪ್ಪತಗುಡ್ಡಕ್ಕೆ ಉರಿಯದ ಬ್ಯಾಟರಿ

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ನಾನೂ ಸಹೋದ್ಯೋಗಿ ಶೈಲಾಳೂ ಬಾಡಿಗೆ ಜೀಪಿನಲ್ಲಿ ಗದಗ ಬಿಟ್ಟೆವು. ಹಿಂದಿನ ಸೀಟಿನಲ್ಲಿ ಮರಳು ತುಂಬಿದ ಕಬ್ಬಿಣದ ಪೆಟ್ಟಿಗೆ, ಅದರೊಳಗೆ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಮಾಡಿದ ಮೂರು ಲಿಥಿಯಂ ಲೋಹದ ಬ್ಯಾಟರಿ. ಇಂಥ ಬ್ಯಾಟರಿಯೊಳಗಿನ ದ್ರಾವಣ ಸಾಮಾನ್ಯವಾಗಿ ಪೆಟ್ರೋಲಿನ ಹಾಗೆ ಹೊತ್ತಿಕೊಳ್ಳುತ್ತದೆ. ರಂಜಕದ ಸಂಯುಕ್ತ ಬೆರೆಸಿ ಅದು ಉರಿಯದಂತೆ ಮಾಡಲು ಬಹಳ ದಿನದಿಂದ ಹೆಣಗುತ್ತಿದ್ದೆವು.

ಕಪ್ಪತಗುಡ್ಡದ ಹುಲ್ಲಿಗೆ ಬೆಂಕಿ ಬಿದ್ದರೆ ಕೆಳಗೆ ಸುದ್ದಿ ಮುಟ್ಟಿಸುವ ಯಂತ್ರಕ್ಕೆ ಈ ಬ್ಯಾಟರಿ ಬೇಕಿತ್ತು. ಆದರೆ ಹೋದ ಸಲದ ಪರೀಕ್ಷೆಯಲ್ಲಿ ಒಂದು ಬ್ಯಾಟರಿ ಭಗ್ಗನೆ ಉರಿದದ್ದನ್ನು ನೋಡಿ ಕಾಡು ಕಾಯುವ ಯಲ್ಲಪ್ಪ, "ಇದನ್ನ ಗುಡ್ಡ ಹತ್ತಿಸಾಕ ಬಿಡಂಗಿಲ್ಲರಿ" ಎಂದಿದ್ದರು.

ಗುಡ್ಡದ ಬುಡದಲ್ಲಿರುವ ಯಲ್ಲಪ್ಪನವರ ಊರು ಡೋಣಿ ತಲುಪುವಷ್ಟರಲ್ಲಿ ಬಿಸಿಲು ಏರಿತ್ತು. ಅವರ ಹೆಂಡತಿ ಗಂಗವ್ವ ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಚಟ್ನಿ ಬಡಿಸಿದರು. "ಮೊದಲ ಉಣ್ರಿ. ಬೆಂಕಿ ಆಮ್ಯಾಲೆ ನೋಡೀರಂತ."

ಊರ ಹೊರಗಿನ ಹಾಳು ಕಲ್ಲುಕ್ವಾರಿಯಲ್ಲಿ ಹುಲ್ಲಿರಲಿಲ್ಲ. ಗಾಳಿಗೆ ಬೆನ್ನು ಕೊಟ್ಟು ದೂರ ನಿಂತು, ಉದ್ದನೆಯ ಕೋಲಿಗೆ ಕಟ್ಟಿದ ಮೊಳೆಯಿಂದ ಮೊದಲ ಬ್ಯಾಟರಿಯನ್ನು ಚುಚ್ಚಿದೆ; ಹೀಗೆ ಚುಚ್ಚಿ ಒಳಗೆ ಶಾರ್ಟ್ ಆದರೂ ಹೊತ್ತಿಕೊಳ್ಳದಿದ್ದರೆ ಪಾಸಾದಂತೆ. ಬುಸ್ಸೆಂದು ಬಿಳಿ ಹೊಗೆ ಬಂತು, ಉರಿ ಬರಲಿಲ್ಲ. ಎರಡನೆಯದೂ ಹಾಗೇ.

"ಆತು ಬಿಡ್ರಿ ಅಕ್ಕಾರ, ಇನ್ನ ಮ್ಯಾಲೆ ಇಡಬಹುದು" ಎಂದರು ಯಲ್ಲಪ್ಪ. ಶೈಲಾಳ ಮುಖ ಅರಳಿತು. ಪೆಟ್ಟಿಗೆ ಮುಚ್ಚಿಬಿಡೋಣ ಎಂದು ನನಗೂ ಅನ್ನಿಸಿತು. ಆದರೆ ಎರಡೂ ತಣ್ಣನೆಯ ಮರಳಿನಿಂದ ಆಗಷ್ಟೇ ಹೊರಬಂದಿದ್ದವು. ಗುಡ್ಡದ ಮೇಲೆ ಬ್ಯಾಟರಿ ಇಡುವ ತಗಡಿನ ಡಬ್ಬಿ ಬೇಸಿಗೆಯಲ್ಲಿ ಹೆಂಚಿನಂತೆ ಕಾಯುತ್ತದೆ.

"ಮೂರನೇದನ್ನ ಬಿಸಿಲಾಗ ಕಾಯಿಸಿ ಚುಚ್ಚೂಣು" ಎಂದೆ.

"ಅವ್ರು ಹೂಂ ಅಂದ್ರಲ್ಲ, ಮತ್ಯಾಕ?" ಎಂದಳು ಶೈಲಾ, ಮೆಲ್ಲಗೆ.

"ಇಲ್ಲಿ ಉರದ್ರ ಒಂದ ಕಲ್ಲು ಕರ್ರಗಾಗತೈತಿ. ಮ್ಯಾಲೆ ಉರದ್ರ ಗುಡ್ಡನ ಹೋಗತೈತಿ."

ಅಂಥದ್ದೇ ಒಂದು ತಗಡಿನ ಡಬ್ಬಿಯೊಳಗಿಟ್ಟು ಮಧ್ಯಾಹ್ನದವರೆಗೆ ಕಾದೆವು. ಆಮೇಲೆ ಡಬ್ಬಿ ತೆರೆದು ಚುಚ್ಚಿದೆ. ಹೊಗೆ ಎದ್ದಿತು. ಇನ್ನೇನು ಮುಗಿಯಿತು ಎನ್ನುವಷ್ಟರಲ್ಲಿ ಅಂಚಿನಲ್ಲಿ ಸಣ್ಣದೊಂದು ಉರಿ ಕಾಣಿಸಿತು. ಯಲ್ಲಪ್ಪ ಬುಟ್ಟಿಯ ಮರಳು ಸುರಿದರು.

"ಹೋದ ಸಲಕ್ಕಿಂತ ಸಣ್ಣದೈತ್ರಿ" ಎಂದರು ಅವರೇ, ನಮ್ಮನ್ನು ಸಮಾಧಾನ ಮಾಡುವವರಂತೆ.

"ಸಣ್ಣದಾದ್ರೂ ಉರಿನ. ಇಂಥಾದ್ದನ್ನ ಮ್ಯಾಲೆ ಇಡಂಗಿಲ್ಲ. ಮತ್ತ ಬರ್ತೀವಿ" ಎಂದೆ.

ಚುಚ್ಚಿದ ಮೂರನ್ನೂ ಮರಳಿನಲ್ಲಿ ಹುದುಗಿಸಿಕೊಂಡು ಹೊರಟೆವು. ದಾರಿಯುದ್ದಕ್ಕೂ ಶೈಲಾ ಕಿಟಕಿಯಾಚೆ ನೋಡುತ್ತಿದ್ದಳು. ನನ್ನ ಮೇಲೆ ಸಿಟ್ಟಾಗಿದ್ದಾಳೆ ಎಂದುಕೊಂಡೆ. ಬೆಟಗೇರಿಯಲ್ಲಿ ಅವಳ ಮನೆಯ ಮುಂದೆ ಜೀಪು ನಿಂತರೂ ಇಳಿಯಲಿಲ್ಲ.

"ರಂಜಕ ಇನ್ನೊಂದೀಟು ಹೆಚ್ಚ ಮಾಡಿದ್ರ?" ಎಂದಳು.

"ಬ್ಯಾಟರಿ ಬಾಳಿಕಿ ಕಡಿಮಿ ಆಗತೈತಿ."

"ಆಗ್ಲಿ. ಮೊದಲ ಉರಿ ಆರ್ಲಿ. ಬಾಳಿಕಿ ಆಮ್ಯಾಲೆ ನೋಡೂಣು."

ಜೀಪನ್ನು ಕಾಲೇಜಿನ ಕಡೆ ತಿರುಗಿಸಲು ಡ್ರೈವರಿಗೆ ಹೇಳಿದೆ.