ಮಲಗಿ ಅಳೆದ ಚಳಿ

ತೂಕದಮ್ಮನ ಮುತ್ತಜ್ಜ ಹತ್ತಿ ಹಿಂಜುವ ಬಿಲ್ಲನ್ನು ಹೆಗಲ ಮೇಲೆ ಹೊತ್ತು ಊರೂರು ನಡೆದವನು. ಬಿಲ್ಲಿನ ಹೆದೆ ಮೀಟಿದ ಸದ್ದಿನಲ್ಲೇ ಹತ್ತಿಯೊಳಗೆ ಎಷ್ಟು ತೇವವಿದೆ ಎಂದು ಹೇಳುತ್ತಿದ್ದನಂತೆ. ಮುತ್ತಜ್ಜಿಯದು ಇನ್ನೂ ದೊಡ್ಡ ಕತೆ. ಒಂದು ವರ್ಷ ಹಿಮ ಬಿದ್ದು ಬೆಟ್ಟದ ದಾರಿ ಮುಚ್ಚಿದಾಗ, ನಡುದಾರಿಯಲ್ಲಿ ಸಿಕ್ಕಿಬಿದ್ದ ಹನ್ನೊಂದು ಗಾಡಿಯವರಿಗೆ ಮನೆಯ ಹಾಸಿಗೆಗಳನ್ನೆಲ್ಲ ಬಿಚ್ಚಿ ಹೊದಿಕೆ ಹೊಲಿದು ಕೊಟ್ಟು, ತಾನು ಒಲೆಯ ಪಕ್ಕ ಬರಿನೆಲದ ಮೇಲೆ ಒಂದು ತಿಂಗಳು ಕಳೆದವಳು ಆಕೆ. ಅಜ್ಜ ಬಿಲ್ಲನ್ನು ಗೋಡೆಗೆ ನೇತುಹಾಕಿ, ಹತ್ತಿ ತುಂಬಿದ ರಜಾಯಿ ಹೊಲಿಯುವ ಅಂಗಡಿ ತೆರೆದ. ಮನೆಗೆ ಕಟ್ಟಳೆ ಹಾಕಿದವನೂ ಅವನೇ: "ಯಾವ ಊರಿನ ಚಳಿಯಲ್ಲಿ ಒಂದು ರಾತ್ರಿ ಮಲಗಿಲ್ಲವೋ, ಆ ಊರಿಗೆ ರಜಾಯಿ ಹೊಲಿಯಬೇಡ." ಅಪ್ಪ ಆ ಮಾತು ಕಾಯಲು ಹೋಗಿ ಎಡಗಾಲಿನ ಎರಡು ಬೆರಳನ್ನು ಬೆಟ್ಟದ ಊರಿನಲ್ಲಿ ಬಿಟ್ಟು ಬಂದ. ಯಾರಾದರೂ ಕೇಳಿದರೆ, "ಐದು ಕಿಲೋದ್ದು ಬೇಕಿತ್ತು, ನಾಲ್ಕರದ್ದು ಹೊದ್ದಿದ್ದೆ. ಉಳಿದ ಒಂದು ಕಿಲೋಗೆ ಚಳಿ ಬೆರಳು ಹಿಡ್ಕೊಳ್ತು," ಎಂದು ನಗುತ್ತಿದ್ದ.

ಇಂಥವರ ಮಗಳು ತೂಕದಮ್ಮ. ಆ ಹೆಸರು ಹುಟ್ಟಿದಾಗ ಇಟ್ಟದ್ದಲ್ಲ, ಬೀದಿಯವರು ಇಟ್ಟದ್ದು. ಓದಿದವರು ಚಳಿಯನ್ನು ಡಿಗ್ರಿಯಲ್ಲಿ ಹೇಳುತ್ತಾರೆ, ಆಕೆ ಕಿಲೋದಲ್ಲಿ ಹೇಳುತ್ತಾಳೆ. "ಇವತ್ತಿನ ಚಳಿ ಮೂರೂ ಕಾಲು ಇದೆ, ಮಗೂಗೆ ಟೋಪಿ ಹಾಕು," ಎಂದು ದಾರಿಹೋಕರಿಗೂ ಹೇಳಿಬಿಡುತ್ತಾಳೆ. ಅಂಗಡಿ ಹದಿನಾಲ್ಕು ಅಡಿ ಉದ್ದ, ಒಂಬತ್ತು ಅಡಿ ಅಗಲ. ಒಂದು ಮೂಲೆಯಲ್ಲಿ ಹತ್ತಿಯ ರಾಶಿ, ಇನ್ನೊಂದರಲ್ಲಿ ಬಟ್ಟೆಯ ಸುರುಳಿಗಳು, ನಡುವೆ ಕೂತು ಹೊಲಿಯಲು ಚಾಪೆ. ಗಾಳಿಯಲ್ಲಿ ಸದಾ ಹತ್ತಿಯ ಎಳೆ ತೇಲುತ್ತಿರುವುದರಿಂದ ಆಕೆಯ ಹುಬ್ಬು ಮೂವತ್ತಕ್ಕೇ ನರೆತಂತೆ ಕಾಣುತ್ತಿತ್ತು. ಅರವತ್ತೆಂಟಕ್ಕೆ ನಿಜವಾಗಿ ನರೆತಾಗ ಯಾರಿಗೂ ತಿಳಿಯಲೇ ಇಲ್ಲ.

ಬಾಗಿಲ ಹಿಂದಿನ ಮೊಳೆಗೆ ಒಂದು ದಪ್ಪ ಹಗ್ಗ. ಅದರಿಂದ ಬಣ್ಣಬಣ್ಣದ ದಾರಗಳು ಇಳಿಬಿದ್ದಿವೆ. ಒಂದೊಂದು ಊರಿಗೆ ಒಂದೊಂದು ದಾರ. ದೊಡ್ಡ ಗಂಟು ಎಂದರೆ ಒಂದು ಕಿಲೋ ಹತ್ತಿ, ಸಣ್ಣ ಗಂಟು ಎಂದರೆ ಕಾಲು ಕಿಲೋ. ಅಜ್ಜ ಹಾಕಿದ್ದು ನಾಲ್ಕು ಊರು, ಅಪ್ಪ ಹಾಕಿದ್ದು ಐದು, ಆಕೆ ಹಾಕಿದ್ದು ಆರು. ಅಕ್ಷರ ಬಲ್ಲವಳೇ ಆದರೂ ಇದನ್ನು ಪುಸ್ತಕಕ್ಕೆ ಬರೆದಿಡಲಿಲ್ಲ. ಪುಸ್ತಕದಲ್ಲಾದರೆ ಯಾರು ಬೇಕಾದರೂ ಬರೆಯಬಹುದು. ಮಲಗಿ ಬಂದವರು ಮಾತ್ರ ದಾರಕ್ಕೆ ಗಂಟು ಹಾಕಬೇಕು, ಅದು ಮನೆಯ ಪದ್ಧತಿ.

ಬಿಳಿ ದಾರ ಬೆಟ್ಟದ ಊರಿನದು, ಐದು ಗಂಟು. ಅಲ್ಲಿ ಬೆಳಗಿನ ಹೊತ್ತು ಬಾಗಿಲ ಚಿಲಕ ಮುಟ್ಟಿದರೆ ಬೆರಳು ಅಂಟಿಕೊಳ್ಳುತ್ತದೆ, ಆದರೆ ಮಧ್ಯಾಹ್ನ ಬಿಸಿಲು ಬಿದ್ದರೆ ಜನ ಕೋಟಿನ ಗುಂಡಿ ಬಿಚ್ಚಿ ಓಡಾಡುತ್ತಾರೆ. ಬೂದು ದಾರ ಗಣಿ ಊರಿನದು, ಒಂದೂವರೆ. ಅಲ್ಲಿ ಬೀದಿಯ ತುಂಬ ಹಿಮ ಬಿದ್ದಿದ್ದರೂ ಕೋಣೆಗೆ ಆರು ಜನ ಒತ್ತಾಗಿ ಮಲಗುತ್ತಾರೆ, ಕಲ್ಲಿದ್ದಲಿನ ಒಲೆ ಹಗಲೂ ರಾತ್ರಿ ಉರಿಯುತ್ತದೆ. "ಆ ಊರಿನ ಚಳಿ ಬೀದೀದು, ಹಾಸಿಗೇದಲ್ಲ," ಎನ್ನುತ್ತಾಳೆ ಆಕೆ. ಹಳದಿ ದಾರ ಬಯಲು ಊರಿನದು, ಮೂರೂವರೆ. ಜೊತೆಗೆ ಕೆಳಗೊಂದು ಗೇಣು ಬರಿ ದಾರ ಬಿಟ್ಟಿದ್ದಾಳೆ. ಅಲ್ಲಿ ಗಾಳಿ ಕಾಲ ಕಡೆಯಿಂದ ನುಗ್ಗುವುದರಿಂದ ರಜಾಯಿ ಒಂದು ಗೇಣು ಉದ್ದ ಇರಬೇಕು ಎಂಬ ಗುರುತು ಅದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಲೋಕ ಹೇಳುತ್ತದೆ. ಕಾಲು ಇದ್ದಷ್ಟು ಹೊದಿಕೆ ಹೊಲಿ ಎಂಬುದು ಈ ಮನೆಯ ಗಾದೆ.

ಒಮ್ಮೆ ಬೆಟ್ಟದ ಊರಿನ ಮೇಷ್ಟ್ರು ಮತ್ತು ಬಯಲು ಊರಿನ ಲಾರಿ ಚಾಲಕ ಒಂದೇ ದಿನ ಅಂಗಡಿಗೆ ಬಂದು ಕೂತರು.

"ನಮ್ಮೂರಲ್ಲಿ ಹಾಲು ಅಳೆಯಲ್ಲ ಸ್ವಾಮಿ, ಕೊಯ್ದು ಮಾರ್ತಾರೆ," ಎಂದರು ಮೇಷ್ಟ್ರು.

"ಅದೇನು ಮಹಾ. ನಮ್ಮಲ್ಲಿ ಬೀಸೋ ಗಾಳಿಗೆ ನಾಯಿ ಬಾಲಾನೇ ನೆಟ್ಟಗಾಗುತ್ತೆ," ಎಂದ ಚಾಲಕ.

ತೂಕದಮ್ಮ ಸೂಜಿಯಿಂದ ಕಣ್ಣೆತ್ತಲಿಲ್ಲ. "ಇಬ್ಬರೂ ಚೆನ್ನಾಗಿ ಹೇಳಿದ್ರಿ. ಈಗ ತಕ್ಕಡಿ ಹೇಳ್ಲಿ. ಮೇಷ್ಟ್ರೇ ನಿಮ್ಗೆ ಐದು, ನಿಮ್ಗೆ ಮೂರೂವರೆ. ಬಾಯಲ್ಲಿ ಬರೋ ಚಳಿಗೆ ನಾನು ಹತ್ತಿ ಹಾಕಲ್ಲ."

ಇಷ್ಟು ಗಟ್ಟಿಯಾದ ಹೆಂಗಸು ಒಂದೇ ಒಂದು ಸಲ ಕಟ್ಟಳೆ ಮುರಿದಳು.

ಎರಡು ವರ್ಷದ ಹಿಂದೆ, ಎಲೆ ಉದುರುವ ಕಾಲಕ್ಕೆ ಒಂದು ಕಾಗದ ಬಂತು. ಸಮುದ್ರದ ದಂಡೆಯ ಬಂದರು ಊರಿನ ಆಸ್ಪತ್ರೆಯಿಂದ. ಎದೆನೋವು, ಕೆಮ್ಮು, ಉಬ್ಬಸದ ಮುದುಕರನ್ನು ಇಡುವ ವಾರ್ಡಿಗೆ ಮೂವತ್ತು ರಜಾಯಿ ಬೇಕು, ಚಳಿ ಶುರುವಾಗುವ ಮೊದಲೇ ಬೇಕು. ಬಂದರಿನ ಚಳಿಯಲ್ಲಿ ತೂಕದಮ್ಮನ ಮನೆಯವರು ಯಾರೂ ಮಲಗಿರಲಿಲ್ಲ. ಅಲ್ಲಿಗೆ ರೈಲಿನಲ್ಲಿ ಒಂದೂವರೆ ದಿನ, ಆಕೆಯ ಮಂಡಿ ಆ ವರ್ಷ ಮೆಟ್ಟಿಲು ಹತ್ತಲೂ ಒಪ್ಪುತ್ತಿರಲಿಲ್ಲ. ಅದೂ ಅಲ್ಲದೆ, ಚಳಿ ಬರುವ ಮೊದಲೇ ಹೊಲಿದು ಕೊಡಬೇಕಾದರೆ ಆ ಚಳಿಯಲ್ಲಿ ಮಲಗುವುದು ಹೇಗೆ?

ಆಕೆ ರೇಡಿಯೋ ಕೇಳಿದಳು. ತಮ್ಮ ಊರು ಎರಡು ಡಿಗ್ರಿಗೆ ಇಳಿದ ದಿನವೂ ಬಂದರು ಎಂಟರ ಕೆಳಗೆ ಇಳಿಯುವುದಿಲ್ಲ ಎಂದು ರೇಡಿಯೋ ಹೇಳಿತು. ತಮ್ಮೂರಿಗೆ ಮೂರು ಕಿಲೋ. ಹಾಗಾದರೆ ಬಂದರಿಗೆ ಎರಡೂವರೆ ಧಾರಾಳ. ನೀಲಿ ದಾರ ತೆಗೆದು ಎರಡು ದೊಡ್ಡ ಗಂಟು, ಎರಡು ಸಣ್ಣ ಗಂಟು ಹಾಕಿ, ಬಿಚ್ಚದಿರಲಿ ಎಂದು ನೀರು ಹಚ್ಚಿ ಬಿಗಿದಳು.

ಪಕ್ಕದ ಬೀದಿಯಲ್ಲಿ ಹತ್ತಿ ಹಿಂಜುವ ಯಂತ್ರ ಇಟ್ಟುಕೊಂಡಿರುವ ಅವಳ ತಮ್ಮ ಅಲ್ಲೇ ನಿಂತಿದ್ದ. ಅಕ್ಕ ತಮ್ಮನ ನಡುವೆ ಯಂತ್ರದ ಜಗಳ ಇಪ್ಪತ್ತು ವರ್ಷ ಹಳೆಯದು. ಹತ್ತಿಯನ್ನು ಯಂತ್ರ ಹಿಂಜುವುದಿಲ್ಲ, ಹಿಂಸಿಸುತ್ತದೆ ಎಂಬುದು ಅಕ್ಕನ ವಾದ.

"ರೇಡಿಯೋ ಯಾವಾಗ ಅಲ್ಲಿ ಹೋಗಿ ಮಲಗಿ ಬಂತಕ್ಕ?" ಎಂದು ಕೇಳಿದ.

"ನಿನ್ನ ಯಂತ್ರಕ್ಕೆ ಎಣ್ಣೆ ಬಿಡು ಹೋಗು. ನನ್ನ ಕಿವಿಗೆ ಬಿಡ್ಬೇಡ," ಎಂದಳು ಆಕೆ.

ಮೂವತ್ತು ರಜಾಯಿ ಹೋದವು. ಜೊತೆಗೆ ಕಳಿಸಿದ ಕಾಗದದಲ್ಲಿ, "ನಿಮ್ಮ ಊರಿನ ಚಳಿ ಇನ್ನೂ ಕೂಸು, ಇಷ್ಟು ಸಾಕು," ಎಂದು ಬರೆದಿದ್ದಳು. ಮಾತು ಆಡಿದರೆ ಹೋಯಿತು ಎನ್ನುವುದು ಸುಮ್ಮನೆ ಅಲ್ಲ. ನಡು ಚಳಿಗಾಲದಲ್ಲಿ ಬಂದರಿನಿಂದ ನಾಲ್ಕು ಸಾಲಿನ ಉತ್ತರ ಬಂತು: "ರಜಾಯಿ ಹೊದ್ದರೂ ನಮ್ಮ ರೋಗಿಗಳು ನಡುಗುತ್ತಿದ್ದಾರೆ. ಮೇಲೆ ತಮ್ಮ ಕೋಟು ಹೊದ್ದು ಮಲಗುತ್ತಿದ್ದಾರೆ. ಹೊಲಿಗೆಗೆ ಏನೂ ದೋಷ ಹೇಳುವಂತಿಲ್ಲ. ಏನು ಮಾಡಬೇಕೋ ತಿಳಿಸಿ."

ಆಕೆ ಅದನ್ನು ಮೂರು ಸಲ ಓದಿದಳು. ಬಯ್ದು ಬರೆದಿದ್ದರೆ ಬಯ್ದು ಉತ್ತರ ಬರೆಯಬಹುದಿತ್ತು. ಮೂವತ್ತು ಮುದುಕರು ತನ್ನ ಕೈಯ ಹೊದಿಕೆಯ ಕೆಳಗೆ ನಡುಗುತ್ತಿದ್ದಾರೆ ಎಂದು ತಿಳಿದಾಗ ಅಜ್ಜ, ಅಪ್ಪ, ಅಪ್ಪನ ಎರಡು ಬೆರಳು ಎಲ್ಲರೂ ಎದುರು ಬಂದು ನಿಂತಂತೆ ಆಯಿತು. ಬಾಗಿಲ ಹಿಂದೆ ನೀಲಿ ದಾರ ನೇತಾಡುತ್ತಿತ್ತು. ಆ ಹಗ್ಗದ ಮೇಲೆ ಮಲಗದೆ ಹಾಕಿದ ಗಂಟು ಅದೊಂದೇ. ಮಾರನೆಯ ಬೆಳಿಗ್ಗೆ ಮಂಡಿಗೆ ಬಟ್ಟೆ ಸುತ್ತಿ, ಕೈತಕ್ಕಡಿ ಚೀಲಕ್ಕೆ ಹಾಕಿ ರೈಲು ಹತ್ತಿದಳು. ದಾರಿಯುದ್ದಕ್ಕೂ ಒಂದೇ ಲೆಕ್ಕ: ಇನ್ನೊಂದು ಕಿಲೋ ಸೇರಿಸಿದರೆ ಸಾಕಾದೀತೆ, ಒಂದೂವರೆ ಬೇಕಾದೀತೆ?

ಆಸ್ಪತ್ರೆಯ ಬಟ್ಟೆ ಉಗ್ರಾಣ ನೋಡಿಕೊಳ್ಳುವ ಹೆಂಗಸು ಸೊಂಟದಲ್ಲಿ ಕೀಲಿಗೊಂಚಲು ಸಿಕ್ಕಿಸಿಕೊಂಡು ಎದುರಾದಳು.

"ಅಯ್ಯೋ, ನೀವೇ ಬಂದ್ರಾ ಅಮ್ಮ? ಕಾಗದ ಬರೆದಿದ್ರೆ ಸಾಕಿತ್ತು."

"ಕಾಗದ ಬರೆದೇ ಕೆಟ್ಟಿದ್ದು ತಾಯಿ. ನಂಗೊಂದು ಹಾಸಿಗೆ ಕೊಡಿ. ಆ ವಾರ್ಡಲ್ಲೇ, ನನ್ನ ರಜಾಯಿ ಹೊದ್ದು ಮಲಗ್ಬೇಕು."

"ಸುಮ್ಮನೆ ಹಾಸಿಗೆ ಕೊಡೋ ಹಾಗಿಲ್ಲ. ಕಾಯಿಲೆ ಏನು ಅಂತ ಬರ್ಕೊಳ್ಲಿ?"

"ಹಮ್ಮು ಅಂತ ಬರ್ಕೊಳ್ಳಿ."

ಉಗ್ರಾಣದವಳು ನಕ್ಕು ಮೂಲೆಯ ಹಾಸಿಗೆ ತೋರಿಸಿದಳು. ಪಕ್ಕದ ಹಾಸಿಗೆಯಲ್ಲಿ ಒಬ್ಬ ಮುದಿ ದೋಣಿಗಾರ. ಬಂದವಳು ಯಾರು ಎಂದು ತಿಳಿದ ಮೇಲೆ ಅವನು ಕೋಟಿನ ಕಾಲರಿನಿಂದ ತಲೆ ಹೊರಗೆ ಹಾಕಿದ.

"ಓ, ನಮ್ಮ ಚಳೀನ ಕೂಸು ಅಂದೋರು ನೀವೇನಾ? ಕೂಸು ಹೌದು ಬಿಡಿ. ಹಾಸಿಗೆ ಒದ್ದೆ ಮಾಡೋ ಕೂಸು."

ಆಕೆಗೂ ನಗು ಬಂತು. "ನಮ್ಮ ಕಡೆ ಚಳಿ ಕಚ್ಚುತ್ತೆ ಅಣ್ಣ. ನಿಮ್ಮದು ಏನು ಮಾಡುತ್ತೆ?"

"ಬೆಟ್ಟದ ಚಳಿ ನಾಯಿ. ಬೊಗಳಿ ಕಚ್ಚುತ್ತೆ. ನಮ್ಮದು ಬೆಕ್ಕು. ಸದ್ದಿಲ್ದೆ ಬಂದು ಮಗ್ಗುಲಲ್ಲಿ ಮಲಗುತ್ತೆ. ಒದ್ದೆ ಬೆಕ್ಕು. ಓಡಿಸಿ ನೋಡಿ, ಹೋಗಲ್ಲ."

ಬೆಳಗಾಗುವ ಹೊತ್ತಿಗೆ ಅವನ ಮಾತು ಅಕ್ಷರಶಃ ನಿಜವಾಗಿತ್ತು. ಹಲ್ಲು ಕಟಕಟ ಎನ್ನಲಿಲ್ಲ, ಮೂಗು ಮರಗಟ್ಟಲಿಲ್ಲ, ಆದರೆ ಬೆನ್ನಿನ ಎಲುಬಿನೊಳಗೆ ಯಾರೋ ತಣ್ಣೀರು ತುಂಬಿಟ್ಟಂತೆ ಇತ್ತು. ಆಕೆ ರಜಾಯಿಯ ನಡುಭಾಗಕ್ಕೆ ಕೈ ಇಟ್ಟಳು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಹತ್ತಿ ತಣ್ಣಗೆ, ಮುದ್ದೆಮುದ್ದೆಯಾಗಿ ಸಿಕ್ಕಿತು. ಕೈತಕ್ಕಡಿ ತೆಗೆದು ತೂಗಿದಳು. ಹೊರಗಿನ ಬಟ್ಟೆಯ ತೂಕ ಕಳೆದರೂ ಮೂರಕ್ಕೆ ಚೂರು ಕಡಿಮೆ.

"ನಾನು ಹಾಕಿದ್ದು ಎರಡೂವರೆ," ಎಂದಳು ಅಷ್ಟರಲ್ಲಿ ಬಂದ ಉಗ್ರಾಣದವಳಿಗೆ. "ಉಳಿದದ್ದು ನಿಮ್ಮ ಸಮುದ್ರ ಹಾಕಿದೆ."

"ಅದಕ್ಕೇ ಕೇಳ್ತೀನಿ, ಇನ್ನೊಂದು ಕಿಲೋ ಸೇರಿಸಿ ಕೊಡ್ತೀರಾ?" ಎಂದು ಕೇಳಿದಳು ಉಗ್ರಾಣದವಳು.

ರೈಲಿನಲ್ಲಿ ಕೂತಾಗ ಆಕೆಯೂ ಅದನ್ನೇ ಯೋಚಿಸಿದ್ದಳು. ಈಗ ಕಿಟಕಿಯಾಚೆ ನೋಡಿದಳು. ಅಂಗಳದ ತಂತಿಯ ಮೇಲೆ ಟವೆಲುಗಳು ಜೋತುಬಿದ್ದಿದ್ದವು.

"ಆ ಟವೆಲು ಯಾವಾಗ ಒಗೆದದ್ದು?"

"ಮೊನ್ನೆ. ನಾಳೆ ಒಣಗಬಹುದು."

"ನಮ್ಮೂರಲ್ಲಿ ಒಂದೇ ಹಗಲು," ಎಂದು ಆಕೆ ತಲೆದೂಗಿದಳು. "ಇನ್ನೊಂದು ಕಿಲೋ ಹಾಕಿದ್ರೆ ಸಮುದ್ರಕ್ಕೆ ಕುಡಿಯೋಕೆ ಇನ್ನೊಂದು ಲೋಟ ಇಟ್ಟಂಗೆ ತಾಯಿ. ಇಲ್ಲಿಯ ಚಳಿಗೆ ತೂಕ ಹೆಚ್ಚಿಸಿದ್ರೆ ಆಗಲ್ಲ. ಹೊದಿಕೆ ದಿನಾ ಒಣಗಿಸೋ ಹಾಗಿರ್ಬೇಕು."

ಮೂವತ್ತೂ ರಜಾಯಿ ಬಿಚ್ಚಿ ಮತ್ತೆ ಹೊಲಿಯಬೇಕು ಎಂದು ಆಕೆ ನಿಶ್ಚಯಿಸಿದಳು. ಹತ್ತಿ ಅಷ್ಟೇ, ಆದರೆ ಒಂದು ದಪ್ಪ ಹೊದಿಕೆಯ ಬದಲು ಎರಡು ತೆಳು ಹೊದಿಕೆ, ಒಂದೊಂದಕ್ಕೂ ಒಂದೂ ಕಾಲು ಕಿಲೋ. ಹತ್ತಿ ಜಾರಿ ಮುದ್ದೆಯಾಗದಂತೆ ಹೊಲಿಗೆ ನಾಲ್ಕು ಬೆರಳಿಗೊಂದು ಸಾಲು. ಅಂಚಿಗೆ ಲಾಡಿ. ರಾತ್ರಿ ಎರಡನ್ನೂ ಕಟ್ಟಿ ಹೊದೆಯಬೇಕು, ಬೆಳಿಗ್ಗೆ ಬಿಚ್ಚಿ ಬಾಯ್ಲರ್ ಕೋಣೆಯ ಬಿಸಿ ಕೊಳವೆಗಳ ಮೇಲೆ ಹರವಬೇಕು. ತೆಳುವಾದ್ದರಿಂದ ಮಧ್ಯಾಹ್ನಕ್ಕೆಲ್ಲ ಗರಿಗರಿಯಾಗುತ್ತದೆ.

ಆದರೆ ಮುದ್ದೆಗಟ್ಟಿದ ಹತ್ತಿಯನ್ನೆಲ್ಲ ಹೊಸದಾಗಿ ಹಿಂಜಬೇಕು. ಕೈಯಲ್ಲಿ ಹಿಂಜುತ್ತ ಕೂತರೆ ಚಳಿಗಾಲವೇ ಮುಗಿಯುತ್ತದೆ. ಆಕೆ ಆಸ್ಪತ್ರೆಯ ಫೋನಿನಿಂದ ತಮ್ಮನಿಗೆ ಹೇಳಿಕಳಿಸಿದಳು. ಮೂರನೆಯ ದಿನ ಅವನು ಯಂತ್ರವನ್ನೂ ಅಂಗಡಿಯ ಬಟ್ಟೆ ಸುರುಳಿಗಳನ್ನೂ ಲಾರಿಯಲ್ಲಿ ಹೇರಿಕೊಂಡು ಬಂದಿಳಿದ.

"ಯಂತ್ರ ಹತ್ತೀನ ಹಿಂಸೆ ಮಾಡುತ್ತೆ ಅಂತಿದ್ಯಲ್ಲಕ್ಕ?"

"ಆಡ್ಕೋ, ಆಡ್ಕೋ. ಇವತ್ತು ನಿನ್ನ ದಿನ. ನನ್ನ ಹಮ್ಮು ಹೊದ್ಕೊಂಡು ಇವರು ಎಷ್ಟು ದಿನ ನಡುಗ್ಬೇಕು? ಹಾಕು ಹತ್ತೀನ."

ಅವನು ಯಂತ್ರ ಶುರು ಮಾಡಿದ. ಯಾರೂ ಹೊದಿಕೆಯಿಲ್ಲದೆ ಮಲಗಬಾರದೆಂದು ದಿನಕ್ಕೆ ಮೂರು ಮೂರನ್ನೇ ಬಿಚ್ಚಿದರು. ಅವನು ಹಿಂಜಿದ, ಆಕೆ ಹೊಲಿದಳು, ಕೈ ಬಿಡುವಾದ ನರ್ಸುಗಳು ಅಂಚು ಹಿಡಿದರು. ಹತ್ತು ದಿನಕ್ಕೆ ಮೂವತ್ತೂ ಮುಗಿದವು. ಹನ್ನೊಂದನೆಯ ಬೆಳಿಗ್ಗೆ ದೋಣಿಗಾರನ ಕೋಟು ಹಾಸಿಗೆಯ ಮೇಲಿರಲಿಲ್ಲ, ಗೋಡೆಯ ಗೂಟದಲ್ಲಿತ್ತು.

"ಬೆಕ್ಕು ಬಂದಿತ್ತಾ ಅಣ್ಣ?" ಎಂದು ಕೇಳಿದಳು.

"ಬಂದಿತ್ತು. ಜಾಗ ಸಿಗದೆ ಹೋಯ್ತು."

ಊರಿಗೆ ಬಂದ ಮೇಲೆ ಆಕೆ ಕೈಕಾಲು ತೊಳೆದು ಮೊದಲು ಹೋದದ್ದು ಬಾಗಿಲ ಹಿಂದಿನ ಹಗ್ಗದ ಬಳಿಗೆ. ನೀಲಿ ದಾರ ಇಳಿಸಿಕೊಂಡು ಚಾಪೆಯ ಮೇಲೆ ಕೂತಳು. ಪಕ್ಕದಲ್ಲಿ ಇನ್ನೊಂದು ನೀಲಿ ಎಳೆ ಸಿದ್ಧವಾಗಿತ್ತು. ಇನ್ನು ಮುಂದೆ ಬಂದರಿಗೆ ಜೋಡಿ ದಾರ, ಒಂದೊಂದರಲ್ಲೂ ಒಂದು ದೊಡ್ಡ ಗಂಟು, ಒಂದು ಸಣ್ಣದು. ಅಜ್ಜನ ಕಾಲದಿಂದ ಆ ಹಗ್ಗದ ಮೇಲೆ ಅಂಥದ್ದು ಇರಲಿಲ್ಲ. ಆದರೆ ಮೊದಲು ಹಳೆಯ ಗಂಟು ಬಿಚ್ಚಬೇಕಲ್ಲ. ತಾನೇ ನೀರು ಹಚ್ಚಿ ಬಿಗಿದದ್ದು, ಒಣಗಿ ಕಲ್ಲಾಗಿತ್ತು. ಸೂಜಿಗೂ ಸಮುದ್ರಗಾಳಿಗೂ ಸಿಕ್ಕಿ ಆಕೆಯ ಬೆರಳುಗಳು ಊದಿಕೊಂಡಿದ್ದವು, ತುದಿಗಳು ಸೀಳಿದ್ದವು. ಅರ್ಧ ಗಂಟೆಯಾದರೂ ಮೊದಲ ಗಂಟೇ ಸಡಿಲವಾಗಲಿಲ್ಲ.

ತಮ್ಮ ನೋಡುವಷ್ಟು ನೋಡಿ, ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಎತ್ತಿಕೊಂಡು ಬಂದ.

"ಈಚೆ ಕೊಡಕ್ಕ. ಕಚಕ್ ಅನ್ಸಿ ಹೊಸ ದಾರ ಕಟ್ಟೋಣ. ಇಲ್ಲಾ ನಾನಾದ್ರೂ ಬಿಚ್ತೀನಿ, ನನ್ನ ಬೆರಳು ಚೆನ್ನಾಗಿವೆ."

ಆಕೆ ದಾರವನ್ನು ಮಡಿಲಿಗೆ ಎಳೆದುಕೊಂಡಳು.

"ಕತ್ತರಿ ಇಟ್ಬಿಡೋ. ನಿನ್ನ ಯಂತ್ರ ಬೇಡ ಅನ್ನಲಿಲ್ಲ, ತಗೊಂಡೆ. ಅದು ಅವರ ಚಳಿಗೆ. ಇದು ಹಂಗಲ್ಲ. ಮಲಗದೆ ಗಂಟು ಹಾಕಿದೋಳು ನಾನು, ಮಲಗಿ ಬಂದು ಬಿಚ್ಚೋಳೂ ನಾನೇ. ಇವತ್ತು ಆಗ್ಲಿಲ್ಲ ಅಂದ್ರೆ ನಾಳೆ ಆಗುತ್ತೆ. ನಿಂಗೆ ಅಷ್ಟು ಕೈ ಕಡೀತಿದ್ರೆ ಆ ಬಾಗಿಲು ಹಾಕ್ಕೊಂಡು ಹೋಗು, ಮೂರೂವರೆ ಕಿಲೋ ಗಾಳಿ ಬರ್ತಿದೆ."