ಒಗೆಯಬಾರದಿದ್ದ ಸೀರೆ

ಆ ಸೋಮವಾರ ಬೆಳಿಗ್ಗೆ ತಂಗಿ ತನ್ನ ಮಗಳನ್ನು ಜೋಲಿಯಲ್ಲಿ ಮಲಗಿಸಿ, ಊಟದ ಡಬ್ಬಿ ಹಿಡಿದು ಹೊರಟಳು. ಗಂಡ ಮಳವಳ್ಳಿಯಲ್ಲಿ ಇನ್ನೊಂದು ಸಂಸಾರ ಹೂಡಿದ ಮೇಲೆ ಅವಳು ಕೊತ್ತತ್ತಿಯ ನಮ್ಮ ಮನೆಯಲ್ಲೇ ಇದ್ದು, ಮದ್ದೂರಿನ ಕಡೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದಳು. ಮಗುವಿಗೆ ಹದಿನಾಲ್ಕು ತಿಂಗಳು. ಜೋಲಿ ಕಟ್ಟಿದ್ದು ತಂಗಿ ಉಟ್ಟು ಬಿಟ್ಟ ಹಸಿರು ಸೀರೆಯಲ್ಲಿ.

"ಜೋಲಿ ನಾರ್ತಾ ಅದೆ ಕಣೆ, ಇವತ್ತು ಒಗೀತೀನಿ," ಅಂದೆ.

"ಬುಡಕ್ಕ. ನೀನು ಒಗದ್ರೆ ಬಟ್ಟೇನೂ ಉಳಿಯಕಿಲ್ಲ, ಕಲ್ಲೂ ಉಳಿಯಕಿಲ್ಲ. ಬಾನುವಾರ ನಾನೇ ಒಗ್ಕತೀನಿ."

ನಗುತ್ತಾ ಹೋದಳು. ಸಂಜೆ ಬರುವಾಗ ಗಾರ್ಮೆಂಟ್ಸ್‌ನವರ ವ್ಯಾನು ಮಗುಚಿತು. ಮಾರನೆಯ ದಿನ ಹೆಣ ತಂದರು.

ಹನ್ನೊಂದನೆಯ ದಿನ ಸೂತಕ ಕಳೆಯಬೇಕಲ್ಲ, ಅವಳ ಬಟ್ಟೆಗಳನ್ನು ಪದ್ಧತಿಯಂತೆ ಮಡಿವಾಳರಿಗೆ ಕೊಟ್ಟುಬಿಟ್ಟೆವು. ಮನೆಯಲ್ಲಿ ಉಳಿದ ಬಟ್ಟೆಯನ್ನೆಲ್ಲ ನಾನೇ ನಾಲೆಗೆ ಹೊತ್ತೆ. ಜೋಲಿಯನ್ನೂ ಬಿಚ್ಚಿ ತೆಗೆದುಕೊಂಡು ಹೋದೆ. ಎರಡು ಸಲ ಸೋಪು ಹಾಕಿ, ಅಳುತ್ತಲೇ ಕುಕ್ಕಿದೆ.

ಅಲ್ಲಿಯವರೆಗೆ ಮಗು ಜೋಲಿಯಲ್ಲಿ ಮುಖ ಹುದುಗಿಸಿ ಹೇಗೋ ನಿದ್ದೆ ಮಾಡುತ್ತಿತ್ತು. ಅಂದು ಮಧ್ಯಾಹ್ನ ಮಲಗಿಸಿದರೆ ಬಟ್ಟೆಯನ್ನು ಮೂಗಿಗೆ ಒತ್ತಿಕೊಂಡಿತು. ಬಿಟ್ಟಿತು. ಇನ್ನೊಂದು ಮಡಿಕೆ ಹಿಡಿದು ನೋಡಿತು. ಆಮೇಲೆ ಚೀರಿತು. ಮೂರು ದಿನ ಅತ್ತು, ನಾಲ್ಕನೆಯ ದಿನ ಅಳುವುದನ್ನೇ ನಿಲ್ಲಿಸಿತು. ಅನ್ನ ಬಾಯಿಗಿಟ್ಟರೆ ಇಟ್ಟಲ್ಲೇ ಇರುತ್ತಿತ್ತು.

"ಸದ್ಯ, ಮರ್ತದೆ," ಅಂದಳು ನಮ್ಮವ್ವ.

ತೂಕ ನೋಡಲು ಬಂದ ಅಂಗನವಾಡಿ ಟೀಚರು ಮಗುವಿನ ಗಲ್ಲ ಹಿಡಿದು ನೋಡಿದರು. "ಮರ್ತಿಲ್ಲ ಕಣಮ್ಮ, ಸೋತದೆ. ನಾಳೆನೇ ಮಂಡ್ಯ ಆಸ್ಪತ್ರೇಲಿ ತೋರ್ಸಿ. ಅವರಮ್ಮಂದು ಒಗೀದೇ ಇರೋ ಬಟ್ಟೆ ಏನಾರ ಅದಾ?"

ಮನೆಯೆಲ್ಲ ಹುಡುಕಿದೆವು. ದಿಂಬಿನ ಚೀಲವನ್ನೂ ನಾನು ಒಗೆಯದೆ ಬಿಟ್ಟಿರಲಿಲ್ಲ.

"ಹಂಗಾರೆ ನೀನೇ ಎತ್ಕೊಂಡಿರಮ್ಮ, ಕೈ ಬದಲಾಯಿಸ್ಬೇಡ. ಒಂದೇ ಸೀರೆ ಉಟ್ಕೊ, ಒಗೀಬೇಡ."

ಆಸ್ಪತ್ರೆಗೂ ಅದೇ ಸೀರೆಯಲ್ಲಿ ಹೋಗಿಬಂದೆ. ಆ ಸೀರೆ ಉಟ್ಟ ಐದನೆಯ ದಿನ ಪಕ್ಕದ ಮನೆಯವಳು, "ಏನಮ್ಮಿ, ಊರ್ ಬಟ್ಟೆಯೆಲ್ಲಾ ಒಗೆಯೋಳು, ನಿಂದೇ ನಾರ್ತದಲ್ಲ!" ಅಂದಳು. ನಾನು ಮಗುವಿನ ಮೇಲೆ ಸೆರಗು ಹೊದಿಸಿದೆ.

ಆರನೆಯ ದಿನ ಮಗು ನನ್ನ ಸೆರಗನ್ನು ಬಾಯಿಗೆ ತುರುಕಿಕೊಂಡು ಜೋರಾಗಿ ಅತ್ತಿತು. ಅತ್ತ ಮೇಲೆ ಎರಡು ತುತ್ತು ನುಂಗಿತು.

ಈಗ ಅವಳಿಗೆ ಮೂರು ವರ್ಷ. ಉಣ್ಣುತ್ತಾಳೆ, ಆಡುತ್ತಾಳೆ, ನನ್ನನ್ನೇ ಅವ್ವ ಅನ್ನುತ್ತಾಳೆ. ಹಸಿರು ಸೀರೆ ಪೆಟ್ಟಿಗೆಯಲ್ಲಿದೆ. ಆಗಾಗ ತೆಗೆದು ಮೂಸುತ್ತೇನೆ. ಈಗ ಸೋಪಿನ ವಾಸನೆಯೂ ಹೋಗಿದೆ. ನನ್ನ ತಂಗಿಯ ಮೈವಾಸನೆ ಈ ಮನೆಯಲ್ಲಿ ಎಲ್ಲೂ ಇಲ್ಲ.