ಬುಲ್ಡೋಜರ್‌ಗಿಂತ ಮೊದಲು ಬರುವ ಮೇಸ್ತ್ರಿ

ಬೆಳಗಿನ ನಮಾಜು ಮುಗಿದಿದೆ, ಮುಖ ಕಾಣುವಷ್ಟು ಬೆಳಕಿನ್ನೂ ಆಗಿಲ್ಲ. ನೈಲ್ ಬಯಲಿನ ಈ ಹಳ್ಳಿಯಲ್ಲಿ, ಕಾಲುವೆಯಾಚೆಯ ಹೊಸ ಮನೆಯ ಬಾಗಿಲನ್ನು ಬಸ್ಯೂನಿ ಮೇಸ್ತ್ರಿ ಚೌಕಟ್ಟಿನ ಸಮೇತ ಕಳಚುತ್ತಿದ್ದಾರೆ. ಹತ್ತು ಗಂಟೆಗೆ ಸರ್ಕಾರದ ಬುಲ್ಡೋಜರ್ ಬರುತ್ತದೆ. ಅಷ್ಟರೊಳಗೆ ಬಾಗಿಲು, ಕಿಟಕಿ, ಆದಷ್ಟು ಇಟ್ಟಿಗೆ ಉಳಿಸಿಕೊಡುವುದೇ ಅವರ ಕಸುಬು. ಚೀಲ ಹೆಗಲಿಗೇರಿಸಿ ಅವರು ಬೀದಿಗೆ ಬಂದರೆ, "ಹೆಣ ತೊಳೆಯೋನು ಬಂದ" ಎಂದು ಜನ ಬಾಗಿಲು ಮುಚ್ಚುತ್ತಾರೆ.

"ಮೆಲ್ಲಗೆ ಹೊಡೆಯೋ ಬಸ್ಯೂನಿ, ಆ ಗೋಡೆ ಮೇಲೆ ನನ್ನ ಕೈ ಐತೆ," ಎನ್ನುತ್ತಾರೆ ಮನೆಯೊಡತಿ, ಗಂಡನಿಲ್ಲದ ನಬವಿಯ್ಯಾ. ಮಾಡು ಹಾಕಿದ ದಿನ ಕುರಿ ಕೊಯ್ದು, ದೃಷ್ಟಿ ತಾಗದಿರಲೆಂದು ರಕ್ತದ ಅಂಗೈ ಒತ್ತಿದ್ದರು.

"ಊರೋರ ದೃಷ್ಟಿ ತಾಗಲಿಲ್ಲ ಬಿಡಕ್ಕ. ಆಕಾಶದಿಂದ ಫೋಟೋ ಹಿಡಿಯೋರಿಗೆ ಕುರಿ ರಕ್ತ ಏನು ಲೆಕ್ಕ?"

ಕಾನೂನು ಹೇಳುವುದಿಷ್ಟೇ: ಊರಿನ ಸುತ್ತ ಎಳೆದ ಗೆರೆಯೊಳಗೆ ಮಾತ್ರ ಮನೆಗೆ ಪರವಾನಗಿ, ಆಚೆಯದೆಲ್ಲ ಉಳುವ ಭೂಮಿ. ಊರಿನವರಿಗೆ ಮಕ್ಕಳಾಗುತ್ತವೆ ಎಂಬುದು ಗೆರೆ ಎಳೆದವರಿಗೆ ಗೊತ್ತಿರಲಿಲ್ಲವೋ ಏನೋ. ಒಳಗಿನ ನಿವೇಶನದ ಬೆಲೆ ಕೇಳಿದರೆ ಎದೆ ಒಡೆಯುತ್ತದೆ. ಅದಕ್ಕೇ ಎಲ್ಲರೂ ಈದ್ ರಜೆಗೆ ಕಾಯುತ್ತಾರೆ. ಕಚೇರಿ ಮುಚ್ಚಿರುವಾಗ ಹಗಲಿರುಳು ಕಟ್ಟಿ, ಮಾಡು ಹಾಕಿ, ಒಳಗೆ ಹಾಸಿಗೆ ಹಾಸಿಬಿಟ್ಟರೆ ಯಾರೂ ಮುಟ್ಟುವುದಿಲ್ಲ ಎಂಬ ನಂಬಿಕೆ. ಒಂದು ಕಾಲಕ್ಕೆ ಅದು ನಿಜವೂ ಆಗಿತ್ತು. ಈಗ ಉಪಗ್ರಹದ ಚಿತ್ರದಲ್ಲಿ ಹೊಸ ಗೋಡೆ ಕಂಡರೆ ಸಾಕು, ಕೆಡವಲು ಆದೇಶ ಬರುತ್ತದೆ.

ಈ ಮನೆ ಎದ್ದದ್ದೂ ಹಾಗೆಯೇ, ಮಗ ಅತ್ವಾನ ಮದುವೆಗೆಂದು. ಕಟ್ಟಿದವರು ಇದೇ ಬಸ್ಯೂನಿ. ಬೇರೆ ಮನೆಯಿಲ್ಲದೆ ಹೆಣ್ಣು ಕೊಡೆವೆಂದು ಬೀಗರು ಪಟ್ಟು ಹಿಡಿದಿದ್ದಾರೆ. ನಬವಿಯ್ಯಾರ ಹಳೇ ಮನೆ ಗೆರೆಯೊಳಗಿದೆ. ಉಳಿದ ಇಟ್ಟಿಗೆಯಲ್ಲಿ ಅದರ ಮೇಲೊಂದು ಕೋಣೆ ಎದ್ದರೆ ಸಂಬಂಧ ಉಳಿದೀತು, ಅದಕ್ಕೆ ಪರವಾನಗಿಯೂ ಸಿಕ್ಕೀತು.

ಆದರೆ ಇಟ್ಟಿಗೆ ಬಿಡುತ್ತಿಲ್ಲ. ಉಳಿ ಇಟ್ಟು ಹೊಡೆದರೆ ಗಾರೆಯ ಜೊತೆಗೇ ಒಡೆದು ಬೀಳುತ್ತದೆ.

"ಸಿಮೆಂಟ್ ಜಾಸ್ತಿ ಹಾಕು, ಜಾಸ್ತಿ ಹಾಕು ಅಂತ ತಲೆ ತಿಂದೆಯಲ್ಲಕ್ಕ!"

"ಮಗನ ಮನೆ ಕಣೋ. ಕೆಡವಕ್ಕೆ ಅಂತ ಯಾರಾದ್ರೂ ಕಟ್ತಾರಾ?"

ಬಸ್ಯೂನಿ ಮುಂದಿನ ಇಟ್ಟಿಗೆಗೆ ಉಳಿ ಇಡುತ್ತಾರೆ.

ಬುಲ್ಡೋಜರ್ ಹೇಳಿದ ಹೊತ್ತಿಗಿಂತ ಮುಂಚೆಯೇ ಬರುತ್ತದೆ. ಅಂಗೈ ಗುರುತಿನ ಗೋಡೆಯೇ ಮೊದಲು ಬೀಳುತ್ತದೆ. ಒಡೆಯದೆ ಉಳಿದು ಹುಲ್ಲಿನ ಮೇಲೆ ಪೇರಿಸಿದ ಇಟ್ಟಿಗೆ ಒಂದು ಗೋಡೆಗೂ ಸಾಲದು. ನಬವಿಯ್ಯಾ ಅಳುವುದಿಲ್ಲ. ಬಾಗಿಲಿನ ಮೇಲಿನ ಧೂಳನ್ನು ತಲೆವಸ್ತ್ರದ ಅಂಚಿನಿಂದ ಒರೆಸುತ್ತಾರೆ, ಒರೆಸುತ್ತಲೇ ಇರುತ್ತಾರೆ. ನೋಡಲಾಗುವುದಿಲ್ಲ.

ಬಸ್ಯೂನಿಯತ್ತ ತಿರುಗಿ ಕೇಳುತ್ತಾರೆ: "ನಿನ್ನ ಮನೇನೂ ಗೆರೆ ಆಚೆಗೇ ಐತಲ್ಲೋ. ನಿಂಗೆ ಹೆದರಿಕೆ ಇಲ್ವಾ?"

ಉಳಿಗಳನ್ನು ಚೀಲಕ್ಕೆ ತುಂಬುತ್ತಿದ್ದ ಬಸ್ಯೂನಿ ತಲೆ ಎತ್ತುತ್ತಾರೆ. ಬೆಳಗಿನಿಂದ ಬಾಡಿದ್ದ ಮುಖದಲ್ಲಿ ಕಸುಬುದಾರನ ಸಣ್ಣ ಹೆಮ್ಮೆ.

"ನಮ್ಮನೆಗೆ ಸಿಮೆಂಟೇ ಹಾಕಿಲ್ಲಕ್ಕ. ಮಾಡಿಗೆ ಖರ್ಜೂರದ ತೊಲೆ, ಗೋಡೆಗೆ ಬರೀ ಕೆಸರು. ಅವರು ಬರೋ ದಿನ ಬಿಚ್ಚಿದ್ರೆ ಒಂದು ಇಟ್ಟಿಗೇನೂ ಒಡೆಯಾಕಿಲ್ಲ."